ಹೊರಗಿನ ಸೈಕಲ್ಲು

ಚಳಿಗೆ ಬಿಗಿದುಕೊಂಡ ಟಯರನ್ನು ರಿಮ್ಮಿನಿಂದ ಬಿಡಿಸುವುದೆಂದರೆ ಯಮುನಾಗೆ ದಿನದ ಮೊದಲ ಜಗಳ. ಎರಡು ಚಪ್ಪಟೆ ಕಬ್ಬಿಣಗಳನ್ನು ಸಂದಿಗೆ ತೂರಿಸಿ, ಮಂಡಿಯಿಂದ ಚಕ್ರವನ್ನು ಒತ್ತಿ ಹಿಡಿದು, "ಬಾ ಮಾರಾಯ, ನೀನೇನು ಮನೆಗೆ ಬಂದ ಹೊಸ ಅಳಿಯನಾ, ಇಷ್ಟು ಬಿಗುಮಾನ?" ಎಂದು ಟಯರಿಗೇ ಗದರುತ್ತಿದ್ದಳು. ಪಕ್ಕದ ಚಹಾದಂಗಡಿಯ ಸುಂದರೇಶ್ ಹಾಲು ಕಾಯಿಸುತ್ತಾ ನಗುತ್ತಿದ್ದ.

ಮೆಣಸೆಯ ಕಡೆಯಿಂದ ಶೃಂಗೇರಿ ಪೇಟೆಗೆ ಇಳಿಯುವ ರಸ್ತೆಯ ತಿರುವಿನಲ್ಲಿ ಯಮುನಾಳ ಸೈಕಲ್ ಅಂಗಡಿ. ಅದನ್ನು ಹಾಕಿದವರು ಅವಳ ಅಪ್ಪ ಕಲ್ಲೇಶ್. ಅವರ ಸೊಂಟ ಸೋತ ಮೇಲೆ ಸ್ಪ್ಯಾನರು ಮಗಳ ಕೈಗೆ ಬಂತು. ಹೆಂಗಸು ಪಂಕ್ಚರ್ ಹಾಕುವುದನ್ನು ನೋಡಲೆಂದೇ ಮೊದಮೊದಲು ಕೆಲವರು ಚಹಾದ ಲೋಟ ಹಿಡಿದು ನಿಲ್ಲುತ್ತಿದ್ದರು. ಈಗ ಲೋಟ ಹಿಡಿದವರು ಅವಳನ್ನಲ್ಲ, ಮೊಬೈಲನ್ನು ನೋಡುತ್ತಾರೆ. ಗಂಡ ರಾಜೇಶ ನರಸಿಂಹರಾಜಪುರದ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾನೆ. ಮಗಳು ಭವ್ಯ ಆರನೇ ಕ್ಲಾಸು. ಏರು ಇಳಿಜಾರಿನ ಊರಾದ್ದರಿಂದ ಇಲ್ಲಿ ಟಯರಿಗಿಂತ ಮೊದಲು ಬ್ರೇಕಿನ ರಬ್ಬರು ಸವೆಯುತ್ತದೆ. ಹಾಗಾಗಿ ಬೈಕುಗಳ ಕಾಲದಲ್ಲೂ ಯಮುನಾಳ ಕೈಗೆ ಕೆಲಸ ತಪ್ಪಿರಲಿಲ್ಲ.

ಟಯರು ಅಂತೂ ಕಳಚಿಕೊಂಡಿತು. ತಲೆ ಎತ್ತಿದರೆ ಎದುರಿಗೆ ಗಗನಾ ನಿಂತಿದ್ದಳು. ಪೇಟೆಯಂಚಿನ ಸಣ್ಣ ಗುಡಿಯಲ್ಲಿ ಪೂಜೆ ಮಾಡುವ, ಮೆಣಸೆಯ ತ್ರ್ಯಂಬಕ ಭಟ್ಟರ ಮಗಳು, ಹತ್ತನೇ ಕ್ಲಾಸು. ಆ ಚಳಿಯಲ್ಲೂ ಹಣೆ ಬೆವೆತಿತ್ತು.

"ಅಕ್ಕಾ, ಬಾಡಿಗೆಗೆ ಸೈಕಲ್ ಕೊಡ್ತೀರಾ? ಮೂರು ದಿನಕ್ಕೆ."

"ಬಾಡಿಗೆ ಸೈಕಲ್ಲೆಲ್ಲ ಅಪ್ಪನ ಕಾಲಕ್ಕೇ ಮುಗೀತು ಪುಟ್ಟೀ. ನಿಮ್ಮನೆ ಸೈಕಲ್ ಎಂತ ಆಯ್ತು? ಮೊನ್ನೆ ತಾನೇ ಬ್ರೇಕ್ ಹಾಕಿ ಕೊಟ್ಟಿದ್ನಲ್ಲ?"

"ಸೈಕಲ್ ಸರಿ ಇದೆ."

"ಮತ್ತೆ?"

ಹುಡುಗಿ ಸುಂದರೇಶನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಾನು ಹೊರಗೆ. ಅದನ್ನ ಮುಟ್ಟೋ ಹಾಗಿಲ್ಲ."

ಭಟ್ಟರ ಮನೆಯ ಕಪ್ಪು ಸೈಕಲ್ಲು ಯಮುನಾಗೆ ಚೆನ್ನಾಗಿ ಗೊತ್ತು. ನಸುಕಿನಲ್ಲಿ ಭಟ್ಟರು ಅದರ ಕ್ಯಾರಿಯರಿಗೆ ಹೂವಿನ ಬುಟ್ಟಿ ಕಟ್ಟಿ ಗುಡಿಗೆ ಹೋಗುತ್ತಾರೆ. ಅವರು ತಿರುಗಿ ಬಂದ ಮೇಲೆ ಅದೇ ಸೈಕಲ್ಲಿನಲ್ಲಿ ಮಗಳು ಶಾಲೆಗೆ ಹೋಗುತ್ತಾಳೆ. ಆದರೆ ಮಗಳು ಮುಟ್ಟಾದ ದಿನಗಳಲ್ಲಿ ದೇವರ ಹೂವು ಹೊರುವ ಸೈಕಲ್ಲಿಗೆ ಅವಳ ಕೈ ತಾಗಬಾರದು. ನಡೆದೇ ಬರಬೇಕು. ಆ ಕಡೆಯ ಮೊದಲ ಬಸ್ಸು ಬರುವಷ್ಟರಲ್ಲಿ ಬೆಳಗಿನ ಸ್ಪೆಷಲ್ ಕ್ಲಾಸು ಅರ್ಧ ಮುಗಿದಿರುತ್ತದೆ. ಕತ್ತಲಲ್ಲೇ ಹೊರಡೋಣವೆಂದರೆ ಕಾಡಂಚಿನ ದಾರಿ, ಕಾಡುಕೋಣಗಳ ಭಯ.

"ಗಣಿತದ ಮೇಡಂ ಹೇಳಿದಾರೆ, ಹೀಗೆ ಬಿಟ್ಟು ಬಿಟ್ಟು ಬರೋದಾದ್ರೆ ಬರಲೇ ಬೇಡ ಅಂತ. ನಂಗೆ ಗಣಿತ ಒಂದೇ ಕಷ್ಟ ಅಕ್ಕಾ. ಫೇಲಾದ್ರೆ ಓದು ಸಾಕು, ಮನೇಲಿರು ಅಂತ ಅಪ್ಪ ಮೊದ್ಲೇ ಹೇಳಿದಾರೆ."

ಯಮುನಾ ತನ್ನದೇ ಸೈಕಲ್ಲನ್ನು ಆ ಮೂರು ದಿನ ಅವಳಿಗೆ ಕೊಟ್ಟಳು. ಕೊಟ್ಟ ಮೇಲೆ ಅವಳ ತಲೆಯೊಳಗೆ ಒಂದು ಉಪಾಯ ಓಡತೊಡಗಿತು.

ಅಂಗಡಿಯ ಹಿಂದೆ ಗುಜರಿಗೆಂದು ಎಸೆದಿದ್ದ ಚೌಕಟ್ಟೊಂದಿತ್ತು. ಯಾರದೋ ಬಿಟ್ಟ ಚಕ್ರಗಳು, ಇನ್ನಾರದೋ ಹ್ಯಾಂಡಲ್ಲು, ಸೀಟು ಮಾತ್ರ ಹೊಸದು. ಕೆಲಸ ಬಿಡುವಾದಾಗೆಲ್ಲ ಕೂತು ಜೋಡಿಸಿದಳು. ಕಡ್ಡಿಗಳನ್ನು ಒಂದೊಂದಾಗಿ ಬಿಗಿಮಾಡಿ ಚಕ್ರದ ಬೆಂಡು ತೆಗೆದಳು. ಮನೆಯ ಗೇಟಿಗೆ ಹೊಡೆದು ಮಿಕ್ಕಿದ್ದ ಗಿಳಿಹಸಿರು ಬಣ್ಣವನ್ನೇ ಬಳಿದಳು. ತ್ರ್ಯಂಬಕ ಭಟ್ಟರು ಗಾಳಿ ಹೊಡೆಸಲು ಬಂದಾಗ ಅದನ್ನು ಮುಂದೆ ನಿಲ್ಲಿಸಿದಳು.

"ಇದು ಗಗನಂಗೆ ಭಟ್ರೇ. ಆ ದಿನಗಳಿಗೆ. ದೇವರ ಸೈಕಲ್ ತಂಟೆಗೆ ಹೋಗೋದೇ ಬೇಡ."

ಭಟ್ಟರ ಮುಖ ಹಗುರಾಯಿತು. ಮಗಳು ನಡೆದು ಸೋಲುವುದನ್ನು ನೋಡಿ ಅವರಿಗೂ ಸಂಕಟವಿತ್ತು. "ಒಳ್ಳೆ ಕೆಲಸ ಮಾಡಿದೆ ಮಾರಾಯ್ತಿ. ಇತ್ಲಾಗೆ ಕೂಸಿನ ಕ್ಲಾಸೂ ತಪ್ಪಲ್ಲ, ಅತ್ಲಾಗೆ ದೇವರ ಕೆಲಸಕ್ಕೂ ತೊಂದ್ರೆ ಇಲ್ಲ." ಹಸಿರು ಸೈಕಲ್ಲು ಭಟ್ಟರ ಮನೆಯ ಹುಲ್ಲಿನ ಗೊಣಬೆಯ ಮಗ್ಗುಲಲ್ಲಿ, ಅಂಗಳದಿಂದ ಆಚೆ ನಿಂತಿತು.

ಎರಡು ತಿಂಗಳು ಯಮುನಾ ಬೀಗುತ್ತಲೇ ಇದ್ದಳು. ಮೂರನೆಯ ತಿಂಗಳು ಒಂದು ಸಂಜೆ ಗಗನಾ ಆ ಸೈಕಲ್ಲನ್ನು ಹತ್ತದೆ, ತಳ್ಳಿಕೊಂಡು ಬಂದು ಅಂಗಡಿಯ ಕಂಬಕ್ಕೆ ಒರಗಿಸಿದಳು.

"ಇದು ಬೇಡ ಅಕ್ಕಾ."

"ಯಾಕೆ, ಚೈನು ಬೀಳ್ತಿದ್ಯಾ?"

"ಇಲ್ಲ."

"ಮತ್ತೆಂತ, ಬಾಯಿ ಬಿಟ್ಟು ಹೇಳು."

ಹೇಳಿದ್ದು ಗಗನಾ ಅಲ್ಲ, ಲೋಟ ತೊಳೆಯುತ್ತಿದ್ದ ಸುಂದರೇಶ್. "ಅವಳ ಹತ್ರ ಎಂತ ಕೇಳ್ತೀಯ ಯಮುನಾ? ಊರಿಗೇ ಗೊತ್ತು. ಕಪ್ಪು ಸೈಕಲ್ ಬಂದ್ರೆ ಒಳಗೆ, ಹಸಿರು ಬಂದ್ರೆ ಹೊರಗೆ. ಕೆಳಗೆ ಶಾಲೆ ಗೇಟಿನ ಹತ್ರ ಆ ಹುಡುಗರು ಕೂಗ್ತಾರಲ್ಲ, 'ಹಸಿರು ಎಕ್ಸ್‌ಪ್ರೆಸ್ ಬಂತು, ದೂರ ನಿಲ್ರೋ, ಮುಟ್ಬೇಡ್ರೋ!' ಅಂತ."

"ನೀವು ಕೇಳಿಸ್ಕೊಂಡು ಸುಮ್ನಿದ್ರಾ ಸುಂದರೇಶಣ್ಣ?"

"ಹುಡುಗಾಟ ಅಂದ್ಕೊಂಡೆ," ಎಂದು ಅವನು ಲೋಟದೊಳಗೇ ನೋಡಿದ.

ಯಮುನಾಳ ಕಿವಿ ಬಿಸಿಯಾಯಿತು. ಮನೆಯೊಳಗೆ ನಾಲ್ಕು ಜನಕ್ಕಷ್ಟೇ ತಿಳಿದಿದ್ದ ಸಂಗತಿಗೆ ಬಣ್ಣ ಬಳಿದು ಬೀದಿಗೆ ಬಿಟ್ಟವಳು ತಾನೇ. ಕೂಗಿದ ಹುಡುಗರು ದಿನವೂ ಅವಳ ಅಂಗಡಿಯಲ್ಲೇ ಗಾಳಿ ಹೊಡೆಸಿಕೊಳ್ಳುವವರು. ಕಪ್ಪು ಬಣ್ಣದ ಡಬ್ಬಿಗೆ ಕೈ ಹಾಕಿ, "ತಡಿ, ಇದನ್ನೂ ಕಪ್ಪು ಮಾಡ್ತೇನೆ, ಯಾರಿಗೂ ಗೊತ್ತಾಗಲ್ಲ," ಎಂದಳು.

"ಗೊತ್ತಾಗತ್ತೆ ಅಕ್ಕಾ. ಆಮೇಲೆ ಸೀಟು ನೋಡ್ತಾರೆ, ಬೆಲ್ ನೋಡ್ತಾರೆ. ಬಿಡಿ. ನಾಳೆಯಿಂದ ಸ್ಪೆಷಲ್ ಕ್ಲಾಸಿಗೇ ಹೋಗಲ್ಲ."

ಹುಡುಗಿ ಏರು ಹತ್ತಿ ನಡೆದೇ ಹೋದಳು. ಯಮುನಾ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಎರಡು ದಿನದ ಮೇಲೆ ಭಟ್ಟರು ಪಂಕ್ಚರಾದ ಕಪ್ಪು ಸೈಕಲ್ಲನ್ನು ತಂದರು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ ಯಮುನಾ ಮಾತು ತೆಗೆದಳು.

"ಭಟ್ರೇ, ಗಗನಾ ಕ್ಲಾಸಿಗೆ ಹೋಗ್ತಿಲ್ಲ."

"ಹೌದು. ಅವಳಿಗೇ ಬೇಡ ಅಂತೆ. ಎಂತ ಮಾಡೋಕಾಗತ್ತೆ?"

"ಈ ಸೈಕಲ್ಲೇ ಕೊಡಿ. ಎಲ್ಲಾ ದಿನಕ್ಕೂ."

"ನೀನು ಸುಲಭವಾಗಿ ಹೇಳಿಬಿಟ್ಟೆ." ಭಟ್ಟರು ಸಿಟ್ಟಾಗಲಿಲ್ಲ, ಸ್ಟೂಲಿನ ಮೇಲೆ ಕೂತರು. "ನೋಡು, ಇದು ನನ್ನೊಬ್ಬನ ಮಾತಲ್ಲ. ದಾರಿಯಲ್ಲಿ ಎಷ್ಟೋ ಮನೆಯವರು ಅಂಗಳದ ಹೂವು ಕುಯ್ದು ನನ್ನ ಬುಟ್ಟಿಗೆ ಹಾಕ್ತಾರೆ. ಭಟ್ರ ಕೈಲಿ ಕೊಟ್ರೆ ಶುದ್ಧವಾಗಿ ದೇವರಿಗೆ ಮುಟ್ಟತ್ತೆ ಅಂತ ಅವರ ನಂಬಿಕೆ. ಆ ನಂಬಿಕೇನ ನಾನು ಮುರೀಲಾ? ನಿಮ್ಮನೇಲಿ ನೀನು ಆ ದಿನ ದೇವರ ಕೋಣೆಗೆ ಹೋಗ್ತೀಯಾ, ಹೇಳು?"

"ಹೋಗಲ್ಲ," ಎಂದಳು ಯಮುನಾ. ಅದು ನಿಜ. ಅಮ್ಮ ಕಲಿಸಿದ್ದನ್ನು ಅವಳೂ ಪಾಲಿಸುತ್ತಿದ್ದಳು, ಅದರ ಬಗ್ಗೆ ಕೂತು ಯೋಚಿಸಿದವಳಲ್ಲ. "ಆದ್ರೆ ಅಂಗಡಿಗೆ ಬರ್ತೇನೆ. ತಿಂಗಳಲ್ಲಿ ಮೂರು ದಿನ ಈ ಬಾಗಿಲಿಗೆ ಬೀಗ ಬಿದ್ದಿದ್ದು ನೀವು ಯಾವತ್ತಾದ್ರೂ ನೋಡಿದೀರಾ?"

ಪಕ್ಕದಲ್ಲಿ ಸುಂದರೇಶನ ಸೌಟಿನ ಸದ್ದು ನಿಂತಿತು. ಈ ಮಾತಿಗೆ ಎಷ್ಟು ಗಿರಾಕಿಗಳು ಹೋದಾರು ಎಂಬುದು ಯಮುನಾಗೆ ಗೊತ್ತಿತ್ತು. ಆದರೂ ಮುಂದುವರಿಸಿದಳು.

"ನಿಮ್ಮ ಹೂವಿನ ಕ್ಯಾರಿಯರ್ ಬಿಗಿ ಮಾಡಿದ್ದು ಈ ಕೈ. ಎಲ್ಲಾ ದಿನದಲ್ಲೂ ಮಾಡಿದೆ. ದಿನ ನೋಡಿ ಪಂಕ್ಚರ್ ಆಗಲ್ವಲ್ಲ ಭಟ್ರೇ."

"ಅಂಗಡಿಯಿಂದ ಬಂದಿದ್ದಕ್ಕೆ ನಾವು ನೀರು ಚಿಮುಕಿಸಿ ಒಳಗೆ ತಗೊಳ್ತೇವೆ," ಎಂದರು ಭಟ್ಟರು ಮೆಲ್ಲಗೆ.

"ಹಂಗಾದ್ರೆ ಕೂಸು ಶಾಲೆಯಿಂದ ಬಂದ ಮೇಲೂ ಅದನ್ನೇ ಮಾಡಿ. ನೀರಿಗೆ ನಮ್ಮೂರಲ್ಲಿ ಎಂತ ಕೊರತೆ?"

ಭಟ್ಟರು ಎದ್ದು ನಿಂತರು. ಅವಳು ಆಗತಾನೇ ಅಂಟಿಸಿದ್ದ ಪ್ಯಾಚು ಇನ್ನೂ ಒಣಗಿರಲಿಲ್ಲ. "ಇದನ್ನ ನೀನು ಹೇಳಬಾರದಿತ್ತು ಯಮುನಾ. ಗೊತ್ತಿಲ್ಲದೇ ನಡೀತಿತ್ತು." ಹಿಂದಿನ ಚಕ್ರವನ್ನು ಹೇಗೋ ಸಿಕ್ಕಿಸಿಕೊಂಡು, ಗಾಳಿಯಿಲ್ಲದ ಸೈಕಲ್ಲನ್ನು ತಳ್ಳುತ್ತಾ ಹೊರಟೇಬಿಟ್ಟರು.

ಮಾರನೆಯ ದಿನ ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಕೊಪ್ಪಕ್ಕೆ ಒಯ್ದು ಸರಿ ಮಾಡಿಸಿದರೆಂದು ಸುದ್ದಿ ಬಂತು. ಮೆಣಸೆ ಕಡೆಯ ಇನ್ನೂ ಮೂರ್ನಾಲ್ಕು ಮನೆಯವರು ಅಂಗಡಿಯ ಮುಂದೆ ನಿಲ್ಲದೆ ಹಾದುಹೋದರು.

"ನಿಂಗೆ ಬೇಕಿತ್ತಾ ಇದೆಲ್ಲ?" ಎಂದ ಸುಂದರೇಶ್. "ಆ ಹಸಿರು ಸೈಕಲ್ಲನ್ನ ಬಿಚ್ಚಿ ಗುಜರಿಗೆ ಹಾಕು ಮಾರಾಯ್ತಿ, ನೋಡಿದಾಗೆಲ್ಲ ಜನಕ್ಕೆ ನೆನಪಾಗತ್ತೆ."

"ಬೇಕಿತ್ತು. ಬಿಚ್ಚಲ್ಲ," ಎಂದಷ್ಟೇ ಹೇಳಿ ಅವಳು ಗ್ರೀಸಿನ ಡಬ್ಬಿ ಎಳೆದುಕೊಂಡಳು.

ಅದಾಗಿ ಕೆಲವು ವಾರಗಳ ನಂತರ ಒಂದು ಸಂಜೆ ಫೋನು ಬಂತು. ಅತ್ತ ಕಡೆ ಪಿಸುದನಿ. ಗಗನಾಳ ತಾಯಿ ಲಲಿತಮ್ಮ. ಅವರು ಅಂಗಡಿಗೆ ಕಾಲಿಟ್ಟವರೂ ಅಲ್ಲ, ಯಮುನಾಳೊಡನೆ ಮಾತಾಡಿದವರೂ ಅಲ್ಲ.

"ಯಮುನಾ, ಕೂಸು ಇವತ್ತು ಹೊರಗಾಗಿದೆ, ನಾಳೆಯಿಂದ ಕ್ಲಾಸಿಗೆ ಕಷ್ಟ. ಉಳಿದ ದಿನ ಹೋಗು ಅಂತ ನಾನೇ ಕಳಿಸ್ತಿದ್ದೆ. ಮೇಡಂ ಇನ್ನೊಂದು ಸಲ ನೋಡ್ತೇನೆ ಅಂದಿದಾರಂತೆ. ನಿನ್ನ ಕೈಲಿ ಎಂತಾದ್ರೂ ಆಗತ್ತಾ?"

"ಆಗತ್ತೆ ಅಮ್ಮಾ," ಎಂದಳು ಯಮುನಾ, ಹೇಗೆಂದು ಗೊತ್ತಿಲ್ಲದೆಯೇ.

ಮರುದಿನ ಭವ್ಯಳ ಬುತ್ತಿ ಕಟ್ಟಿಟ್ಟು, ಅಂಗಡಿ ತೆರೆಯದೆ, ತನ್ನ ಸೈಕಲ್ಲಿನಲ್ಲಿ ಮೆಣಸೆಯ ಏರು ಹತ್ತಿದಳು. ಅರ್ಧಕ್ಕೇ ಉಸಿರು ಬಾಯಿಗೆ ಬಂದು ಇಳಿದು ತಳ್ಳಬೇಕಾಯಿತು. ಭಟ್ಟರ ಮನೆಯ ಗೇಟಿನ ಮುಂದೆ ನಿಂತು ಬೆಲ್ಲು ಬಾರಿಸಿದಳು. ಗುಡಿಯಿಂದ ಆಗತಾನೇ ಬಂದ ಭಟ್ಟರು ಖಾಲಿ ಬುಟ್ಟಿ ಬಿಚ್ಚುತ್ತಿದ್ದರು. ಕಪ್ಪು ಸೈಕಲ್ಲು ಅವರ ಪಕ್ಕದಲ್ಲೇ, ಹೊಸ ಟ್ಯೂಬು ತುಂಬ ಗಾಳಿ ತುಂಬಿಕೊಂಡು ನಿಂತಿತ್ತು.

"ಗಗನಾ, ಬಾ, ಹಿಂದೆ ಕೂತ್ಕೋ."

ಹುಡುಗಿ ಅಪ್ಪನನ್ನೂ ಅಮ್ಮನನ್ನೂ ನೋಡಿದಳು. ಲಲಿತಮ್ಮ ಬಾಗಿಲಲ್ಲಿ ನಿಂತು, "ಹೋಗು," ಎಂದರು. ಗಗನಾ ಚೀಲ ಎದೆಗವುಚಿ ಕ್ಯಾರಿಯರ್ ಮೇಲೆ ಕೂತು ಯಮುನಾಳ ಸೊಂಟ ಹಿಡಿದಳು. ಭಟ್ಟರು ಬುಟ್ಟಿಯ ಹಗ್ಗವನ್ನು ಸುತ್ತುತ್ತಲೇ ಇದ್ದರು.

ಶಾಲೆಯ ಗೇಟಿನ ಹುಡುಗರಲ್ಲೊಬ್ಬ ಬಾಯಿ ತೆರೆದಾಗ ಯಮುನಾ ಒಂದು ಕಾಲು ನೆಲಕ್ಕೂರಿದಳು. "ಎಂತ ನಿತೀಶಾ, ಕೂಗ್ಬೇಕಾ? ಕೂಗು. ಕೂಗಿದ ಮೇಲೆ ಗಾಳಿ ಹೊಡೆಸೋಕೆ ಎಲ್ಲಿಗೆ ಹೋಗ್ತೀಯ, ಕೊಪ್ಪಕ್ಕಾ?" ಉಳಿದವರು ನಿತೀಶನನ್ನು ನೋಡಿ ನಕ್ಕರು. ಅವನು ಕಾಲರ್ ಸರಿಮಾಡಿಕೊಂಡು ಒಳಗೆ ನಡೆದ.

ಎರಡನೆಯ ದಿನವೂ ಯಮುನಾ ಹೋದಳು. ಮೂರನೆಯ ದಿನ ಕಾಲಿನ ಮೀನಖಂಡ ಹಿಡಿದುಕೊಂಡಿತ್ತು, ಆದರೂ ಹೋದಳು. ಆ ದಿನ ಭಟ್ಟರು ಅಂಗಳದಲ್ಲಿರಲಿಲ್ಲ. ಗಗನಾಳ ಗಣಿತದ ಕ್ಲಾಸು ಆ ತಿಂಗಳು ಒಂದೂ ತಪ್ಪಲಿಲ್ಲ.

ಮುಂದಿನ ತಿಂಗಳು ಫೋನಿಗಾಗಿ ಕಾಯುತ್ತಿದ್ದಾಗಲೇ, ಒಂದು ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ತ್ರ್ಯಂಬಕ ಭಟ್ಟರು ರಸ್ತೆಯಲ್ಲಿ ನಡೆದು ಬಂದರು. ಮಡಿ ಪಂಚೆ, ಮೇಲೊಂದು ಶಾಲು, ತೋಳಲ್ಲಿ ಹೂವಿನ ಬುಟ್ಟಿ. ದಾಸವಾಳ, ಕಣಗಿಲೆ, ಮೇಲೆ ಒಂದು ಹಿಡಿ ಗರಿಕೆ. ಬುಟ್ಟಿಯನ್ನು ಸ್ಟೂಲಿನ ಮೇಲಿಟ್ಟು ಅವರು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

"ನಂಗೊಂದು ಸೈಕಲ್ ಬೇಕಿತ್ತು. ಪೂಜೆಗೆ ಹೊತ್ತಾಯ್ತು. ಆ ಹಸಿರು ಇದ್ಯಾ, ಬಿಚ್ಚಿ ಹಾಕಿದ್ಯಾ?"

"ಇದೆ ಭಟ್ರೇ. ನಿಮ್ಮದು?"

"ಅದನ್ನ ಕೂಸು ತಗೊಂಡು ಹೋಯ್ತು. ಇವತ್ತು ಬೇಗ ಟೆಸ್ಟ್ ಇದೆ ಅಂತೆ."

ಯಮುನಾ ತುಟಿಯವರೆಗೆ ಬಂದ ಪ್ರಶ್ನೆಯನ್ನು ತಡೆದುಕೊಂಡಳು. ಭಟ್ಟರಿಗೆ ಅದು ಕೇಳಿಸಿದಂತಾಯಿತು.

"ಹೌದು. ಇವತ್ತೂ," ಎಂದರು. ನೆಲ ನೋಡುತ್ತಾ ಮುಂದುವರಿಸಿದರು: "ಕೊಪ್ಪಕ್ಕೆ ಹೋಗಿದ್ದೆನಲ್ಲ, ಬಸ್ಸಿನ ಮೇಲೆ ಹಾಕಿದವರು ಯಾರೋ, ಇಳಿಸಿದವರು ಯಾರೋ. ಅಲ್ಲಿ ಅಂಗಡಿಯವನ ಮನೆ ಸಮಾಚಾರ ನಂಗೆಂತ ಗೊತ್ತು? ಲೆಕ್ಕ ಹಿಡೀತಾ ಹೋದ್ರೆ ಕೊನೆಗೆ ಮುಟ್ಟಬಾರದವಳು ಅಂತ ಉಳಿದಿದ್ದು ನಮ್ಮನೆ ಕೂಸು ಒಂದೇ." ಬುಟ್ಟಿಯ ಗರಿಕೆ ಸರಿಮಾಡುತ್ತಾ, "ಲಲಿತ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೂ ಹೀಗೇ ಅಂತೆ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಮೊನ್ನೆ ಹೇಳಿದ್ಲು," ಎಂದರು.

"ಹೂವು ಕೊಡೋ ಮನೆಯವರು ಎಂತಾದ್ರೂ ಅಂದ್ರೆ?"

"ಇವತ್ತು ಭೈರಮ್ಮ ಕೇಳಿದ್ಲು, ಸೈಕಲ್ ಎಲ್ಲಿ ಭಟ್ರೇ ಅಂತ. ಮಗಳು ತಗೊಂಡು ಹೋಗಿದಾಳೆ ಅಂದೆ. ಬುಟ್ಟಿ ಭಾರ ಆಗತ್ತಾ ಅಂತ ಕೇಳಿ, ಹೂವು ಹಾಕಿದ್ಲು. ನಾಳೆ ಯಾರಾದ್ರೂ ಬೇರೆ ಕೇಳಿದ್ರೆ ಉತ್ತರ ನಾನೇ ಹೇಳ್ಬೇಕು. ಕೂಸು ಯಾಕೆ ಹೇಳ್ಬೇಕು?"

ಯಮುನಾ ಹಸಿರು ಸೈಕಲ್ಲನ್ನು ಹೊರಗೆ ತಂದು, ಎರಡೂ ಚಕ್ರಕ್ಕೆ ಗಾಳಿ ನೋಡಿ, ಸೀಟನ್ನು ಭಟ್ಟರ ಎತ್ತರಕ್ಕೆ ಏರಿಸಿದಳು. ಬುಟ್ಟಿಗೆ ಕೈ ಚಾಚಿ ಅರ್ಧದಲ್ಲೇ ನಿಲ್ಲಿಸಿದಳು.

"ಕಟ್ಟು ಮಾರಾಯ್ತಿ, ಹೊತ್ತಾಯ್ತು," ಎಂದರು ಭಟ್ಟರು.

ಅವಳು ಟ್ಯೂಬಿನ ರಬ್ಬರು ಪಟ್ಟಿಯಿಂದ ಹೂವಿನ ಬುಟ್ಟಿಯನ್ನು ಕ್ಯಾರಿಯರಿಗೆ ಬಿಗಿದಳು. ಭಟ್ಟರು ಪಂಚೆ ಎತ್ತಿ ಕಟ್ಟಿ ಹತ್ತಿದರು. ಗಿಳಿಹಸಿರು ಸೈಕಲ್ಲು ಇಳಿಜಾರಿನಲ್ಲಿ ಶಾಲೆಯ ಗೇಟಿನ ಕಡೆಗೇ ಓಡಿತು. ಅಲ್ಲಿ ಗುಂಪು ಕಟ್ಟಿ ನಿಂತಿದ್ದ ಹುಡುಗರು ಹಸಿರು ಕಂಡೊಡನೆ ತಿರುಗಿದರು. ಮೇಲೆ ಕೂತವರನ್ನು ಕಂಡು ಎರಡೂ ಬದಿಗೆ ಸರಿದು ನಿಂತರು. ಭಟ್ಟರು ಅವರ ನಡುವೆಯೇ ಹಾದುಹೋಗುತ್ತಾ, "ದೂರ ಎಂತಕ್ರೋ ನಿಂತಿದೀರಿ? ಬನ್ನಿ, ಪ್ರಸಾದ ತಗೊಂಡು ಹೋಗಿ ಸಂಜೆ," ಎಂದದ್ದು ಅಂಗಡಿಯವರೆಗೂ ಕೇಳಿಸಿತು.

ಸುಂದರೇಶ್ ಚಹಾ ತಂದು ಅವಳ ಪಕ್ಕ ನಿಂತ. "ಇನ್ನು ಆ ಹಸಿರು ವಾಪಸ್ ಬರತ್ತಾ?"

"ಬರದಿದ್ರೆ ಒಳ್ಳೇದು," ಎಂದಳು ಯಮುನಾ. ಚಹಾವನ್ನು ಎರಡೇ ಗುಟುಕಿಗೆ ಮುಗಿಸಿ, ಬಾಗಿಲ ಬಳಿ ಕಾಯುತ್ತಿದ್ದ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು.