ಒಬ್ಬ ಮಾಲೀಕ, ಒಂದು ಮತ

ಮಕ್ಕಳ ಮಂಚ ಹೇಗಿರಬೇಕೆಂದು ಗುಣಮಟ್ಟ ಗೊತ್ತುಮಾಡುವ ಸಮಿತಿಗೆ ಹತ್ತೊಂಬತ್ತು ವರ್ಷದಿಂದ ನಾನು ಕಾರ್ಯದರ್ಶಿ. ಸಭೆ ಕರೆಯುವವನು ನಾನು, ಎತ್ತಿದ ಕೈ ಎಣಿಸುವವನೂ ನಾನು. ಎತ್ತುವ ಹಾಗೆ ಮಾತ್ರ ಇಲ್ಲ. ಕಾರ್ಯದರ್ಶಿಗೆ ಮತದ ಹಕ್ಕಿಲ್ಲ.

ಇದನ್ನು ಹತ್ತು ಸದಸ್ಯರ ಎದುರು ನೆನಪಿಸಿದವರು ಲ್ಯಾಬ್ ಮೇಡಂ. ಮಂಚಗಳನ್ನು ಪರೀಕ್ಷಿಸುವ ಒಂದು ಪುಟ್ಟ ಲ್ಯಾಬಿನ ಮುಖ್ಯಸ್ಥೆ, ಆ ಹತ್ತರಲ್ಲಿ ಒಬ್ಬರು. ಕಂಬಿಗಳ ನಡುವೆ ಎಷ್ಟು ಸಂದು ಇರಬೇಕೆಂಬ ಚರ್ಚೆಯಲ್ಲಿ ನಾನೂ ಒಂದು ಮಾತು ಸೇರಿಸಹೋದೆ. "ನಿಮಗೆ ಮತ ಇಲ್ವಲ್ಲ ಸರ್, ನೀವು ಬರ್ಕೊಳ್ಳಿ ಸಾಕು," ಅಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ, ಆದರೆ ಆ ಮಾತನ್ನು ಮರೆಯಲಿಲ್ಲ.

ಮೇಡಂ ಹಟ ಆರು ಸೆಂಟಿಮೀಟರ್. ಎಂಟಾದರೆ ಕೂಸಿನ ಮೈ ಸಂದಿನಲ್ಲಿ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸತ್ತ ಎರಡು ಕೂಸುಗಳ ಮಂಚಗಳನ್ನು ಆಕೆಯೇ ಅಳೆದಿದ್ದರು. ಸಮಿತಿಯ ಇನ್ನೊಂದು ಸದಸ್ಯ ಮಂಚದ ಕಾರ್ಖಾನೆ; ಅದರ ಯಂತ್ರಗಳೋ ಎಂಟಕ್ಕೇ ಕೂತಿದ್ದವು. ಎರಡು ಸಲ ಮತಕ್ಕೆ ಹಾಕಿದಾಗಲೂ ಐದು-ಐದು ಬಂದು ವಿಷಯ ಮುಂದಕ್ಕೆ ಹೋಯಿತು.

ಕಾರ್ಖಾನೆಯ ಮ್ಯಾನೇಜರ್ ನನ್ನ ಹೆಂಡತಿಯ ತಮ್ಮ. ಒಂದು ಭಾನುವಾರ ಊಟಕ್ಕೆ ಬಂದವನು ಗೋಳು ತೋಡಿಕೊಂಡ.

"ಆಯಮ್ಮ ಒಬ್ರು ಅಡ್ಡ ನಿಂತಿದ್ದಾರೆ ಭಾವ, ಏನ್ಮಾಡೋದು?"

"ಇಬ್ರು ಸದಸ್ಯರಿಗೆ ಮಾಲೀಕ ಒಬ್ನೇ ಆದ್ರೆ ಮತಾನೂ ಒಂದೇ ಕಣೋ," ಅಂದೆ. "ಆ ಲ್ಯಾಬ್ ಎಷ್ಟು ಮಹಾ ದೊಡ್ಡದು?"

ಅವನು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ.

ಮೂರು ತಿಂಗಳಲ್ಲಿ ಲ್ಯಾಬ್ ಕಾರ್ಖಾನೆಯ ಪಾಲಾಯಿತು, ಮೇಡಂ ಮತ ಕಾರ್ಖಾನೆಯ ಮತದೊಳಗೆ ಸೇರಿಹೋಯಿತು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. "ಈ ಸಲ ನೀನು ಬರಬೇಡ, ಆಕೇನೇ ಪ್ರತಿನಿಧಿ ಅಂತ ಕಳ್ಸು," ಎಂದು ಭಾವಮೈದುನನಿಗೆ ಹೇಳಿಕೊಟ್ಟೆ.

ಕಳಿಸಿದ, ಜೊತೆಗೊಂದು ಪತ್ರ ಕೊಟ್ಟು. ಕಂಪನಿಯ ಮತ ಎಂಟಕ್ಕೆ. ತಪ್ಪಿದರೆ ಲ್ಯಾಬಿಗೆ ಬೀಗ. ಅಲ್ಲಿದ್ದ ಒಂಬತ್ತು ಜನರೂ ಮೇಡಂ ಕೈಕೆಳಗೆ ಕೆಲಸ ಕಲಿತವರು.

ಸಭೆಯಲ್ಲಿ ಆರರ ಪರ ನಾಲ್ಕು ಕೈ ಎದ್ದವು. ಎಂಟರ ಪರವೂ ನಾಲ್ಕೇ. ನಾನು ಪೆನ್ನು ಹಿಡಿದು ಕಾದೆ. ಮೇಡಂ ಬೆರಳುಗಳು ಮೇಜಿನ ಅಂಚು ದಾಟಿ ಒಂದಿಷ್ಟು ಮೇಲೆ ಬಂದು ನಿಂತವು.

"ಇನ್ನೂ ಸ್ವಲ್ಪ ಎತ್ತಿ ಮೇಡಂ, ಕಾಣಿಸ್ತಿಲ್ಲ," ಅಂದೆ. ನನಗೆ ಚೆನ್ನಾಗಿಯೇ ಕಾಣುತ್ತಿತ್ತು.

ಎತ್ತಿದರು. ಐದು ಎಂದು ಬರೆದುಕೊಂಡೆ. ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಎಲ್ಲರೂ ಹೋದ ಮೇಲೆ ಆಕೆ ನನ್ನ ಬಳಿ ಬಂದರು. "ಗುಣಮಟ್ಟದ ಪುಸ್ತಕದ ಮೊದಲ ಪುಟದಲ್ಲಿ ನಮ್ಮ ಹೆಸರುಗಳು ಅಚ್ಚಾಗುತ್ತವಲ್ಲ ಸರ್, ನನ್ನದೊಂದು ಬಿಟ್ಬಿಡಿ. ಇಷ್ಟು ಉಪಕಾರ ಮಾಡಿ."

"ಆಗಲ್ಲ ಮೇಡಂ. ಕೈಯೆತ್ತಿದವರ ಹೆಸರು ಹಾಕಲೇಬೇಕು ಅಂತ ನಿಯಮ ಇದೆ."

ಅಂಥ ನಿಯಮ ಯಾವ ಪುಟದಲ್ಲೂ ಇಲ್ಲ. ನಿಂತ ನಿಲುವಿನಲ್ಲಿ ನಾನೇ ಹುಟ್ಟಿಸಿದ್ದು. ಮೇಡಂ ನಂಬಿದರು.

"ನಿಯಮ ಅಂದ್ಮೇಲೆ ನೀವಾದ್ರೂ ಏನು ಮಾಡ್ತೀರಿ, ಬೇಜಾರು ಮಾಡ್ಕೋಬೇಡಿ," ಎಂದು ನನಗೇ ಸಮಾಧಾನ ಹೇಳಿ ಹೋದರು.