ಬೇರಿಗೂ ಉಸಿರು ಬೇಕು

ಹೂ ಬಿಡುವ ಹೊತ್ತಿಗೆ ಹೊಲದ ತಗ್ಗಿನಲ್ಲಿದ್ದ ಅಲಸಂದೆ ಹಳದಿಯಾಯಿತು. ಎಲೆಯ ಅಂಚು ಸುಟ್ಟ ಹಾಗೆ ಕಂಡಿತು. ಗಿಡಕ್ಕೆ ಬಾಯಾರಿದೆ ಎಂದು ಯಜಮಾನರು ದಿನಾ ಬೆಳಿಗ್ಗೆ ನೀರು ಬಿಟ್ಟರು. ಗಿಡ ಇನ್ನಷ್ಟು ಸೊರಗಿತು.

ಹೆಂಡತಿಗೆ ಊಟ ಸೇರಲಿಲ್ಲ. ಅದು ಅವಳ ಅಮ್ಮ ಕೊಟ್ಟ ಬೀಜ. ಅಮ್ಮ ಈಗಿಲ್ಲ. ಆ ತಳಿ ಬೇರೆ ಯಾರ ಮನೆಯಲ್ಲೂ ಉಳಿದಿಲ್ಲ. ಈ ಬೆಳೆ ಹೋದರೆ ಬೀಜವೇ ಹೋದಂತೆ. ತಡೆಯಲಾರದೆ ಮಣ್ಣು ಪರೀಕ್ಷೆ ಮಾಡುವ ಅಕ್ಕನನ್ನು ಕರೆದುಕೊಂಡು ಬಂದಳು.

"ದಿನಾ ನೀರು ಬಿಡ್ತೀರಾ ಅಣ್ಣಾ?"

"ಮತ್ತೆ? ಎಲೆ ಒಣಗಿರೋದು ಕಾಣಲ್ವೇನಮ್ಮ? ಶೀಷೆಯಲ್ಲಿ ಮಣ್ಣು ನೋಡೋರು ನನಗೆ ಬೇಸಾಯ ಹೇಳ್ಕೊಡ್ಬೇಕಾ!"

ಅಕ್ಕ ಸಿಟ್ಟಾಗಲಿಲ್ಲ. ತಗ್ಗಿನಲ್ಲಿ ಒಂದು ಗಿಡ ಕಿತ್ತಳು. ಬೇರು ಕಪ್ಪಾಗಿ ನಾರುತ್ತಿತ್ತು. ದಿಬ್ಬದ ಕಡೆ ಇನ್ನೊಂದು ಕಿತ್ತಳು. ಅದರ ಬೇರಿನ ತುಂಬ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ.

"ಗಾಳಿಯಿಂದ ಗಿಡಕ್ಕೆ ಗೊಬ್ಬರ ಮಾಡಿಕೊಡೋದು ಈ ಗಂಟೇ ಅಣ್ಣಾ. ನೀರು ನಿಂತ್ರೆ ಬೇರಿಗೆ ಉಸಿರು ಕಟ್ಟುತ್ತೆ, ಗಂಟು ಸಾಯುತ್ತೆ, ಎಲೆ ಹಳದಿಯಾಗುತ್ತೆ. ನೀರು ಆರಿದ ಹಾಗೆ ಅಡಿಯ ಉಪ್ಪು ಮೇಲೆ ಬರುತ್ತೆ. ನೆಲದ ಮೇಲೆ ಬೆಳ್ಳಗೆ ಕಾಣ್ತಿದೆಯಲ್ಲ, ಅದೇ. ಅಂಚು ಸುಟ್ಟಿರೋದೂ ಅದರಿಂದಲೇ. ಬೇಳೆಕಾಳಿನ ಗಿಡ ಇವೆರಡನ್ನೂ ಒಟ್ಟಿಗೆ ತಡ್ಕೊಳ್ಳಲ್ಲ. ನಿಂತ ನೀರು ಹೊರಗೆ ಹರಿಸೋ ಬಸಿಗಾಲುವೆ ಎಲ್ಲಿ?"

ಯಜಮಾನರು ಕಪ್ಪು ಬೇರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಮುಚ್ಚಿಬಿಟ್ರು ಅಕ್ಕಾ," ಹೆಂಡತಿ ಅಂದಳು. "ಇನ್ನೆರಡು ಸಾಲಿಗೆ ಜಾಗ ಸಿಕ್ತು ಅಂತ ಹಿಗ್ಗಿದ್ದೇ ಹಿಗ್ಗು."

"ಜಾಗ ದಂಡ ಆಗ್ತಿತ್ತಲ್ಲ ಕಣೇ..." ಎನ್ನುತ್ತಲೇ ಅವರು ಗುದ್ದಲಿಗೆ ಕೈ ಹಾಕಿದರು.

ಅವತ್ತೇ ಆ ಎರಡು ಸಾಲನ್ನು ತಾವೇ ಕಿತ್ತು ಕಾಲುವೆ ತೋಡಿದರು. ನಿಂತ ನೀರು ಹರಿದುಹೋಯಿತು. ಆದರೂ ತಗ್ಗಿನ ಗಿಡ ಒಂದೂ ಉಳಿಯಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ, ತಡವಾಗಿತ್ತು. ದಿಬ್ಬದ ಗಿಡಗಳು ಮಾತ್ರ ಕಾಯಿ ಕಟ್ಟಿದವು.

ಸಿಕ್ಕಿದ್ದು ಎರಡೇ ಬೊಗಸೆ ಕಾಳು. ಯಜಮಾನರು ಅದನ್ನು ಹೆಂಡತಿಯ ಸೆರಗಿಗೆ ಸುರಿದರು. "ನಿಮ್ಮಮ್ಮನ ಬೀಜಾನ ನನ್ನ ಕೈಯಾರೆ ಮುಳುಗಿಸ್ತಿದ್ದೆ," ಎಂದರು. ಬಿತ್ತೋಕೆ ಇಷ್ಟು ಸಾಕು ಎಂಬಂತೆ ಅವಳು ಅಳುತ್ತಲೇ ತಲೆಯಾಡಿಸಿದಳು.

ಬೇಸಾಯಗಾರ ಬಂಧುಗಳೇ, ಬಿತ್ತುವ ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿ. ಬಸಿಗಾಲುವೆ ಮುಚ್ಚಬೇಡಿ. ಕಾಳಿನ ಗಿಡ ಹಳದಿಯಾದರೆ ನೀರು ಬಿಡುವ ಮುಂಚೆ ಒಂದನ್ನು ಕಿತ್ತು ಬೇರು ನೋಡಿ. ಒಂದು ಗಿಡ ಹೋದರೆ ಹೋಗಲಿ, ಹೊಲ ಉಳಿಯುತ್ತದೆ.