ಕೇಸು ಐತೆ

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಮನೆಗಳಲ್ಲಿ ಕೇಸು ಅಂದರೆ ಒಂದೇ ಕೇಸು. ಗಣಿ ಮುಚ್ಚಿದ ಮೇಲೆ, ತಾವಿರುವ ಮನೆಗಳು ತಮ್ಮ ಹೆಸರಿಗೇ ಆಗಬೇಕೆಂದು ಎಲ್ಲರೂ ಸೇರಿ ಕೋರ್ಟಿಗೆ ಹಾಕಿದ್ದು. ಹಾಕಿದವರಲ್ಲಿ ಎಷ್ಟೋ ಜನ ಮಣ್ಣಾದರು, ಕೇಸು ಮಾತ್ರ ಗಟ್ಟಿಮುಟ್ಟಾಗಿದೆ. ಅವರಲ್ಲೊಬ್ಬ ದೊಡ್ಡವೆಂಕಟಪ್ಪ, ಅವನು ತೀರಿಕೊಂಡ ಮೇಲೆ ಅವನ ಜಾಗಕ್ಕೆ ಮಗಳು ಕಲಾಳ ಹೆಸರು ಬಂತು. ಅಪ್ಪನಿಂದ ಅವಳಿಗೆ ಬಂದ ಆಸ್ತಿ ಅದೊಂದೇ.

ಕಲಾಳಿಗೆ ಬಂಗಾರಪೇಟೆಯ ಸ್ಕೂಲ್ ಬಸ್ಸಿನಲ್ಲಿ ಆಯಾ ಕೆಲಸ ಸಿಗುವುದಿತ್ತು. ಅದಕ್ಕೆ ಪೊಲೀಸ್ ವೆರಿಫಿಕೇಶನ್ ಬೇಕೆಂದು ಫೀಸು ಕಟ್ಟಿ ಅರ್ಜಿ ಹಾಕಿದ್ದಳು. ವಿಚಾರಿಸಲು ಮನೆಗೆ ಬಂದ ಹೊಸ ಪೇದೆ ಆದಿನಾರಾಯಣ, "ಕೇಸು ಏನಾದ್ರೂ ಇದೆಯೇನಮ್ಮ?" ಎಂದು ಕೇಳಿದ. ಕಲಾ ಎದೆಯುಬ್ಬಿಸಿ, "ಐತೆ ಸಾ, ಇನ್ನೂ ನಡೀತಾ ಐತೆ" ಅಂದಳು. ಪುಣ್ಯಾತ್ಮ, ಯಾವ ಕೇಸು ಅಂತ ಒಂದು ಮಾತು ಕೇಳಬೇಡವೇ? ಹಾಗೇ ಬರೆದುಕೊಂಡು ಹೋದ. ಅರ್ಜಿ ವಜಾ ಆಯಿತು.

ಕಲಾ ಸ್ಟೇಷನ್ನಿಗೆ ಬಂದಳು. ಮೇಜಿನ ಹಿಂದೆ ಕಾಗದಪತ್ರ ಬರೆಯುವ ರೈಟರ್ ಸೆಲ್ವರಾಜ್ ಇದ್ದ, ಅವಳದೇ ಬೀದಿಯ ಆರುಮುಗಂ ಮಗ.

"ಮತ್ತೆ ಫೀಸು ಕಟ್ಟಿ ಹೊಸದಾಗಿ ಅರ್ಜಿ ಆಕಕ್ಕ. ಈ ಸಲ ಕೇಸಿಲ್ಲ ಅಂದ್ಬಿಡು. ಆ ಕೇಸಲ್ಲಿ ನಮ್ಮಪ್ಪನ ಎಸ್ರಿದ್ರೂ ನಾನು ಕೆಲ್ಸಕ್ಕೆ ಸೇರುವಾಗ ಅಂಗೇ ಅಂದಿದ್ದು."

ಸರ್ಕಾರ ಈಗಷ್ಟೇ ಆ ಫೀಸು ಏರಿಸಿತ್ತು. ಸ್ಕೂಲಿನವರು ಬಿಡಿಗಾಸು ಬಿಚ್ಚುವುದಿಲ್ಲ. ನಾನು ಕಳ್ಳಿಯಲ್ಲ ಎಂದು ತೋರಿಸಲು ಕಳ್ಳಿಯಲ್ಲದವಳೇ ದುಡ್ಡು ಕಟ್ಟಬೇಕು, ಎಂಥಾ ಚೆಂದದ ಕಾನೂನು! ನಾಳೆ ಕಾಗದ ಕೊಡದಿದ್ದರೆ ಕೆಲಸ ಬೇರೆಯವಳ ಪಾಲು. ಕಲಾಳಿಗೆ ಮೈಯೆಲ್ಲ ಉರಿಯಿತು.

"ಕಟ್ಟಾಕಿಲ್ಲ. ಕೇಸಿಲ್ಲ ಅಂತಾನೂ ಏಳಾಕಿಲ್ಲ."

"ರೂಲ್ಸ್ ಅಕ್ಕ..."

"ರೂಲ್ಸೇ ನೋಡಾನ. ನನ್ ಮ್ಯಾಲೆ ಕೇಸಿಲ್ಲ, ನಾವ್ ಆಕಿರೋ ಕೇಸೈತೆ. ಎರಡಕ್ಕೂ ಯತ್ಯಾಸ ತಿಳೀದೆ ಬರ್ಕೊಂಡೋದೋರು ನಿಮ್ಮೋರು. ಅದಕ್ಕೆ ನಾನ್ ಫೀಸು ಕಟ್ಬೇಕಾ?"

ಹಾಗೆಂದವಳೇ ಅವನ ಎದುರಿನ ಬೆಂಚಿನ ಮೇಲೆ ಕೂತಳು. ಏಳು ಅಂದರೂ ಏಳಲಿಲ್ಲ. ಗಲಾಟೆ ಕೇಳಿ ಒಳಗಿನಿಂದ ಇನ್‌ಸ್ಪೆಕ್ಟರ್ ಬಂದರು. "ಯಾರ್ರೀ ಈಕೆ?"

ಸೆಲ್ವರಾಜ್ ಬಾಯಿ ತೆರೆಯುವ ಮೊದಲೇ ಕಲಾ ಎದ್ದು ನಿಂತಳು. "ಮನೆ ನಮ್ದು ಅಂತ ಕೋರ್ಟಿಗೋಗಿರೋಳು ಸಾ. ಕೇಸೈತೆ ಅಂತ ನಿಜ ಏಳಿದ್ದಕ್ಕೆ ನನ್ನ ಕಳ್ರ ಸಾಲಿಗೆ ಸೇರಿಸವ್ರೆ. ಅದೇ ಕೇಸಲ್ಲಿ ನಮ್ಮಪ್ಪನ ಎಸ್ರ ಕೆಳಗೇ ಈ ಸಾರ್ ಅಪ್ಪನ ಎಸ್ರೈತೆ. ಬೇಕಾದ್ರೆ ಅವ್ರನ್ನೇ ಕೇಳಿ."

ಇನ್‌ಸ್ಪೆಕ್ಟರ್ ತಿರುಗಿದರು. "ಹೌದೇನ್ರೀ ಸೆಲ್ವರಾಜ್?"

ಇಲ್ಲ ಅನ್ನುವುದು ಅವನಿಗೆ ರೂಢಿಯಾಗಿತ್ತು. ಕಲಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕುರ್ಚಿಯಿಂದ ಎದ್ದ.

"ಐತೆ ಸಾರ್. ಇನ್ನೂ ನಡೀತಾ ಐತೆ."

ಇನ್‌ಸ್ಪೆಕ್ಟರ್ ಇಬ್ಬರನ್ನೂ ನೋಡಿದರು. "ಮತ್ತೆ ಕೂತು ತಿದ್ರೀ. ನಮ್ಮ ತಪ್ಪಿಗೆ ಆಕೆ ಹತ್ರ ಫೀಸು ಕೇಳ್ತೀರಾ?"

ಸೆಲ್ವರಾಜ್ ತಿದ್ದಿಕೊಟ್ಟ ಕಾಗದವನ್ನು ಕಲಾ ಪೂರ್ತಿ ಓದಿಯೇ ಮಡಚಿದಳು. ಬಾಗಿಲ ಬಳಿ ತಿರುಗಿ ನಿಂತಳು.

"ಮುಂದಿನ ಸಲಾನೂ ಕೇಳಕ್ಕೆ ಬನ್ನಿ ಸಾ. ಮನೆ ನಮ್ದಾಗೋ ಗಂಟ ಐತೆ ಅಂತ್ಲೇ ಏಳ್ತೀನಿ."